ಗೋಡೆಯ ಮೇಲಿನ ಕುರುಕ್ಷೇತ್ರ

ನಮ್ಮ ಕಡೆ ರಾಗಿ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆಯಿತೆಂದರೆ ಗೋಡೆಗಳ ಮೇಲೆ ನಾಟಕದ ಪೋಸ್ಟರುಗಳು ಬರತೊಡಗುತ್ತವೆ. ದೇವಲಾಪುರ ಹ್ಯಾಂಡ್‌ಪೋಸ್ಟಿನ ಟೀ ಅಂಗಡಿ, ಸೊಸೈಟಿಯ ಗೋಡೆ, ಹಾಲಿನ ಡೇರಿಯ ಬಾಗಿಲು, ನಾಗಮಂಗಲ–ಮಂಡ್ಯ ಬಸ್ಸಿನ ಹಿಂದಿನ ಗಾಜು, ಎಲ್ಲಿ ಒಂದಿಷ್ಟು ಜಾಗ ಸಿಕ್ಕರೂ ಮೈದಾ ಅಂಟು ಬಳಿದು ಮೆತ್ತಿರುತ್ತಾರೆ. ಮೇಲ್ಗಡೆ ಊರ ದೇವರ ಹೆಸರು, ಅದರ ಕೆಳಗೆ ‘ಕೃಪಾಪೋಷಿತ ನಾಟಕ ಮಂಡಳಿ’, ಆಮೇಲೆ ಅಡ್ಡಲಾಗಿ ದಪ್ಪ ಅಕ್ಷರದಲ್ಲಿ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಪೂರ್ತಿ ಹೆಸರಿನಲ್ಲೂ ಈ ಕೃಪಾಪೋಷಿತ ಇದೆ. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪನಿ ಅದು. ಕಂಪನಿಗಳ ಕಾಲ ಸರಿದುಹೋದರೂ ಅವುಗಳ ಕಥೆ, ಹಾಡಿನ ಮಟ್ಟು, ಪೋಸ್ಟರಿನ ಒಕ್ಕಣೆ ಮಂಡ್ಯ, ತುಮಕೂರು, ಹಾಸನ ಕಡೆಯ ಹಳ್ಳಿಗಳಲ್ಲಿ ಉಳಿದುಕೊಂಡಿವೆ.

ಆ ಪೋಸ್ಟರಿನ ಮುಕ್ಕಾಲು ಪಾಲು ಹೆಸರುಗಳೇ. ಕೃಷ್ಣ, ದುರ್ಯೋಧನ, ಭೀಮ, ಅರ್ಜುನ, ಕರ್ಣ, ಶಕುನಿ, ವಿದುರ, ಅಭಿಮನ್ಯು, ಸೈಂಧವ, ಒಂದೊಂದು ಪಾರ್ಟಿನ ಎದುರಿಗೂ ಒಬ್ಬೊಬ್ಬರ ಹೆಸರು. ಹೆಸರಿನ ಮುಂದೆ ಅವರಪ್ಪನ ಹೆಸರು ಇಲ್ಲವೇ ಮನೆತನ, ಕೆಲವರಿಗೆ ಹುದ್ದೆ. ಹಾರ್ಮೋನಿಯಂ ಮಾಸ್ಟರು, ತಬಲದವರು, ಡ್ರಾಮಾ ಸೀನ್ಸ್‌ನವರು, ಮಂಡ್ಯದಿಂದಲೋ ಮೈಸೂರಿನಿಂದಲೋ ಬರುವ ಸ್ತ್ರೀ ಪಾತ್ರಧಾರಿಗಳು. ಓದಿ ಮುಗಿಸುವಷ್ಟರಲ್ಲಿ ಬಸ್ಸು ಬಂದೇ ಬಿಡುತ್ತದೆ. ಹೊರಗಿನವರಿಗೆ ಇದು ಗೊಂದಲದ ಹಾಗೆ ಕಾಣಬಹುದು. ಆದರೆ ನಮ್ಮೂರಲ್ಲಿ ಪಾರ್ಟು ಪುಕ್ಕಟೆ ಸಿಗುವುದಿಲ್ಲ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು ಎಂದು ಮಂಡಳಿಗೆ ದುಡ್ಡು ಕಟ್ಟಿ ಪಾರ್ಟು ಹಿಡಿಯುತ್ತಾರೆ. ಅದೇ ದುಡ್ಡಿನಲ್ಲಿ ಮಾಸ್ಟರ ಸಂಬಳ, ಸೀನರಿ, ಮೈಕು, ಲೈಟು, ಊಟ ಎಲ್ಲ ನಡೆಯಬೇಕು. ತಿಂಗಳುಗಟ್ಟಲೆ ರಾತ್ರಿ ತಾಲೀಮು, ಒಂದೇ ಒಂದು ರಾತ್ರಿಯ ಆಟ, ಬೆಳಗಾದರೆ ಮತ್ತೆ ಹೊಲ. ಆ ಮನುಷ್ಯನಿಗೆ ಕೈಯಲ್ಲಿ ಉಳಿಯುವುದು ಒಂದು ಪೋಸ್ಟರು. ಅದನ್ನು ನಡುಮನೆಯ ಗೋಡೆಗೆ ಹಚ್ಚಿಟ್ಟು, ಬಂದ ನೆಂಟರಿಗೆ ತೋರಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ನಾಗಮಂಗಲ ತಾಲೂಕಿನ ಐದು ಹೋಬಳಿಗಳಲ್ಲಿ ನಮ್ಮ ದೇವಲಾಪುರವೂ ಒಂದು. ಮಂಡ್ಯ ಜಿಲ್ಲೆ ಎಂದ ಕೂಡಲೇ ಕಬ್ಬು, ಭತ್ತ, ವಿಶ್ವೇಶ್ವರಯ್ಯ ನಾಲೆ ಎಂದು ಜನ ನೆನೆಯುತ್ತಾರೆ. ನಮ್ಮದು ಅದರ ಒಣ ಭಾಗ. ರಾಗಿ, ಹುರುಳಿ, ತೆಂಗು ನೆಚ್ಚಿಕೊಂಡ ನೆಲ. ಅಲ್ಲಿಂದ ಮೈಸೂರಿಗೆ ಓದಲು ಹೋದವನು ನಾನು. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಎಲ್ಲರ ಬಾಯಲ್ಲಿ ಕಾವಾ. 1906ರಲ್ಲಿ ಅಡಿಗಲ್ಲು ಬಿದ್ದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಪರಂಪರೆಯಿಂದ ಬಂದ ಶಾಲೆ ಅದು. ಮೊದಲು ಎಲ್ಲರಿಗೂ ಒಂದೇ ಪಾಠ. ಆಮೇಲೆ ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ ಎಂದು ಕವಲೊಡೆಯುತ್ತದೆ. ನಾನು ಅನ್ವಯಿಕ ಕಲೆಗೆ ಬಂದೆ. ಪೋಸ್ಟರು, ಪುಸ್ತಕದ ಮುಖಪುಟ, ಪ್ಯಾಕೆಟ್ಟಿನ ವಿನ್ಯಾಸ, ಅಕ್ಷರ ವಿನ್ಯಾಸ, ಇವೆಲ್ಲ ಅಲ್ಲಿನ ಕೆಲಸ. 2000ರ ದಶಕದ ನಡುಭಾಗ. ಕೈಯಲ್ಲಿ ಬರೆಯುವುದೂ ಇತ್ತು, ಕೋರಲ್‌ಡ್ರಾದಲ್ಲಿ ನುಡಿ ಫಾಂಟು ಹಾಕಿ ಮಾಡುವುದೂ ಇತ್ತು.

ನಿಮ್ಮ ಊರಿನ ಯಾವುದಾದರೂ ಒಂದು ಕಾರ್ಯಕ್ರಮಕ್ಕೆ ಪೋಸ್ಟರು ಮಾಡಿ ಎಂಬ ಕೆಲಸ ಬಂದಾಗ ನಾನು ಹೆಚ್ಚು ಯೋಚಿಸಲಿಲ್ಲ. ಆ ವರ್ಷ ನಮ್ಮ ಚಿಕ್ಕಪ್ಪ ದುರ್ಯೋಧನನ ಪಾರ್ಟು ಹಿಡಿದಿದ್ದರು. ಡಬಲ್ ಕ್ರೌನ್ ಅಳತೆ, ಅಂದರೆ 20 ಇಂಚಿಗೆ 30 ಇಂಚು. ಅರಿಶಿನ ಹಳದಿಯ ಹಿನ್ನೆಲೆ, ನಡುವೆ ಅರ್ಧ ಹೂತ ರಥದ ಚಕ್ರ, ಚಕ್ರದ ಮೇಲೆ ಕೆಂಪಿನಲ್ಲಿ ನಾನೇ ಬರೆದ ‘ಕುರುಕ್ಷೇತ್ರ’, ಕೆಳಗೆ ಎರಡು ಕಂಬದಲ್ಲಿ ಎಲ್ಲರ ಹೆಸರು.

ನಮ್ಮ ತರಗತಿಯಲ್ಲಿ ಒಂದು ಪದ್ಧತಿಯಿತ್ತು. ಕೆಲಸವನ್ನು ಬೋರ್ಡಿಗೆ ಪಿನ್ ಮಾಡಿದ ಮೇಲೆ ಮಾಡಿದವನು ಬಾಯಿ ತೆರೆಯಬಾರದು. ಮಿಕ್ಕವರು ಮಾತಾಡುತ್ತಾರೆ, ಅವನು ಬರೆದುಕೊಳ್ಳುತ್ತಾನೆ. ಎಲ್ಲರದೂ ಮುಗಿದ ಮೇಲೆ ಅವನ ಸರದಿ. ಮೇಷ್ಟರು ಹಿಂದಿನ ಸ್ಟೂಲಿನ ಮೇಲೆ ಕೂತಿರುತ್ತಿದ್ದರು, ತೀರಾ ಬೇಕಾದರೆ ಮಾತ್ರ ನಡುವೆ ಒಂದು ಮಾತು. ಈ ಸುಮ್ಮನಿರುವ ನಿಯಮ ಎಷ್ಟು ದೊಡ್ಡ ಉಪಕಾರ ಎಂಬುದು ಆಮೇಲೆ ಆಫೀಸುಗಳಲ್ಲಿ ಕೆಲಸ ಮಾಡಿದ ಮೇಲೆ ನನಗೆ ಇನ್ನಷ್ಟು ಸ್ಪಷ್ಟವಾಯಿತು. ಉತ್ತರ ಕೊಡುವ ಅವಸರ ಇದ್ದವನ ಕಿವಿಗೆ ಪ್ರಶ್ನೆ ಪೂರ್ತಿ ಬೀಳುವುದೇ ಇಲ್ಲ.

ಗದಗ ಕಡೆಯ ಗೆಳತಿ ಮೊದಲು ಎದ್ದಳು. “ಯಪ್ಪಾ, ಇಷ್ಟ್ ಹೆಸರು ಯಾರ ಓದ್ತಾರ? ಅರ್ಧಾ ತಗದ ಒಗಿ. ನೋಡೂದ್ರಾಗ ದಮ್ಮ ಹತ್ತತೈತಿ.” ಅವಳ ಮಾತು ಯಾವಾಗಲೂ ಹಾಗೆಯೇ, ಸುತ್ತಿ ಬಳಸಿ ಬರುವುದಿಲ್ಲ. ಬೆಂಗಳೂರಿನಿಂದ ಬಂದಿದ್ದವನು ಗ್ರಂಥಾಲಯದಲ್ಲಿ ಸ್ವಿಸ್ ಪೋಸ್ಟರುಗಳ ಪುಸ್ತಕಗಳನ್ನು ಮನನ ಮಾಡಿದವನು. ಖಾಲಿ ಜಾಗ ಬೇಕು, ಶೀರ್ಷಿಕೆಯ ಅಕ್ಷರಗಳನ್ನು ದೂರ ದೂರ ಇಡು, ಬಣ್ಣ ತಗ್ಗಿಸು ಎಂದ. ಉಡುಪಿಯವನಿಗೆ ಹೆಸರಿನ ತಕರಾರು ಇರಲಿಲ್ಲ. ಅವರ ಕಡೆ ಯಕ್ಷಗಾನ ಮೇಳದ ಕರಪತ್ರದಲ್ಲಿ ಕಲಾವಿದರ ಹೆಸರು ನೋಡಿಯೇ ಜನ ಆಟಕ್ಕೆ ಹೋಗುವುದೋ ಬೇಡವೋ ಎಂದು ತೀರ್ಮಾನಿಸುತ್ತಾರಂತೆ. ಅವನಿಗೆ ಬೇಸರ ತಂದದ್ದು ಚಕ್ರ. “ಎಂತ ಮಾರಾಯ, ಮಹಾಭಾರತ ಅಂದ ಕೂಡ್ಲೆ ಚಕ್ರವೇ ಆಗ್ಬೇಕಾ? ಪೇಟೆಯಲ್ಲಿ ಸಿಗುವ ಪುಸ್ತಕಕ್ಕೆಲ್ಲ ಅದೇ ಉಂಟಲ್ಲ.”

ಕೊನೆಗೆ ಚಾಮರಾಜನಗರದ ಹುಡುಗ. ತರಗತಿಯಲ್ಲಿ ಅಷ್ಟಾಗಿ ಮಾತಾಡದವನು. ಅವನು ಎದ್ದು ಬೋರ್ಡಿನ ಹತ್ತಿರ ಬರುವ ಬದಲು ಬಾಗಿಲ ಕಡೆಗೆ ನಡೆದ. ಬಾಗಿಲಾಚೆ ಕಾರಿಡಾರಿನಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿ, “ನನ್ಗೆ ಇಲ್ಲಿಂದ ‘ಕುರುಕೇತ’ ಅಂತ ಕಾಣ್ತಾ ಅದ” ಎಂದ. ಎಲ್ಲರೂ ಎದ್ದು ಅವನ ಪಕ್ಕ ಹೋಗಿ ನಿಂತರು. ನಾನೂ ಹೋದೆ. ನಿಜ. ‘ಕ್ಷೇ’ಯ ಷ ಒತ್ತು, ‘ತ್ರ’ದ ರ ಒತ್ತು ಎರಡೂ ಚಕ್ರದ ಕಪ್ಪು ಅರಗಳ ಮೇಲೆ ಬಿದ್ದಿದ್ದವು. ಕೆಂಪಿನ ಮೇಲೆ ಕಪ್ಪೋ, ಕಪ್ಪಿನ ಮೇಲೆ ಕೆಂಪೋ, ದೂರಕ್ಕೆ ಎರಡೂ ಒಂದೇ. ಒತ್ತುಗಳು ಅರಗಳೊಳಗೆ ಕರಗಿಹೋಗಿ ತಲೆಕಟ್ಟಿನ ಸಾಲೊಂದೇ ಹಳದಿಯ ಮೇಲೆ ಎದ್ದು ಕಾಣುತ್ತಿತ್ತು.

ಅವನು ಹೀಗೆ ಮಾಡು ಎಂದು ಏನನ್ನೂ ಹೇಳಲಿಲ್ಲ. ಎಲ್ಲಿಂದ ನೋಡಿದೆ, ಏನು ಕಂಡಿತು, ಅಷ್ಟೇ. ನನ್ನ ಮಟ್ಟಿಗೆ ವಿಮರ್ಶೆಯ ಅತ್ಯುತ್ತಮ ರೂಪ ಇವತ್ತಿಗೂ ಅದೇ. ಆ ರಾತ್ರಿ ರೂಮಿನಲ್ಲಿ ನೋಟ್‌ಬುಕ್ಕು ಬಿಚ್ಚಿ ಕೂತಾಗ ನಾನು ಮಾಡಿದ ಮೊದಲ ಕೆಲಸ, ಬರೆದುಕೊಂಡ ಮಾತುಗಳನ್ನು ಎರಡು ಪಾಲು ಮಾಡಿದ್ದು. ಕಂಡದ್ದನ್ನು ಹೇಳಿದ ಮಾತುಗಳು ಒಂದು ಕಡೆ, ಮಾಡಬೇಕಾದ್ದನ್ನು ಹೇಳಿದ ಮಾತುಗಳು ಇನ್ನೊಂದು ಕಡೆ. ಎರಡನೆಯ ಕಡೆಯೇ ತುಂಬಿಹೋಗಿತ್ತು. ಆಮೇಲೆ ಆ ಒಂದೊಂದು ಸಲಹೆಯ ಹಿಂದೆ ಆ ಗೆಳೆಯನ ಕಣ್ಣಿಗೆ ಏನು ಚುಚ್ಚಿರಬಹುದು ಎಂದು ಊಹಿಸುತ್ತಾ ಹೋದೆ. ಹೊಟ್ಟೆ ಹಿಡಿದುಕೊಂಡು ಬಂದವನು ನನಗೆ ಇಂಥದೇ ಮಾತ್ರೆ ಕೊಡಿ ಎಂದರೆ ಡಾಕ್ಟರು ಮಾತ್ರೆಯ ಮಾತು ಬಿಟ್ಟು ಹೊಟ್ಟೆ ಮುಟ್ಟಿ ನೋಡುತ್ತಾರೆ. ‘ಅರ್ಧಾ ತಗದ ಒಗಿ’ ಎಂಬುದು ಮಾತ್ರೆ. ‘ದಮ್ಮ ಹತ್ತತೈತಿ’ ಎಂಬುದು ನೋವು. ನೋವು ದಿಟವಾದದ್ದು. ಅದನ್ನು ಅಲ್ಲಗಳೆಯಲು ನನಗೆ ಯಾವ ಹಕ್ಕೂ ಇರಲಿಲ್ಲ. ಮಾತ್ರೆ ಯಾವುದೆಂದು ನೋಡುವ ಕೆಲಸ ಮಾತ್ರ ನನ್ನದು.

ಹೆಸರುಗಳನ್ನು ತೆಗೆಯುವ ಮಾತು ನಡೆಯುವುದಿಲ್ಲ ಎಂದು ಮಾರನೆಯ ದಿನ ತರಗತಿಯಲ್ಲಿ ಹೇಳಿದೆ. ಪಾರ್ಟಿಗೆ ದುಡ್ಡು ಕಟ್ಟುವ ವಿಷಯ ಅವರಿಗೆ ಗೊತ್ತಿರಲಿಲ್ಲ. ಕೇಳಿ ಆಶ್ಚರ್ಯಪಟ್ಟರು. ಬೆಂಗಳೂರಿನವನು ಒಪ್ಪಲಿಲ್ಲ, ಅದು ಊರಿನ ವಿಚಾರ, ವಿನ್ಯಾಸದ ವಿಚಾರ ಹೇಗಾಗುತ್ತದೆ ಎಂದ. ಆಗ ನಾನು ಅವನ ಪ್ರೀತಿಯ ಪುಸ್ತಕವನ್ನೇ ತೆಗೆದು ತೋರಿಸಿದೆ. ಜೂರಿಕ್‌ನ ಟೊನ್‌ಹಾಲೆ ಸಂಗೀತ ಕಚೇರಿಗಳಿಗೆ 1950ರ ದಶಕದಿಂದ ಯೋಸೆಫ್ ಮ್ಯುಲ್ಲರ್-ಬ್ರೋಕ್‌ಮನ್ ಮಾಡಿದ ಪೋಸ್ಟರುಗಳು. ಅವುಗಳಲ್ಲೂ ಹೆಸರುಗಳಿವೆ: ವಾದ್ಯವೃಂದ ನಡೆಸುವವರು, ಏಕವ್ಯಕ್ತಿ ವಾದಕರು, ಯಾರ ಕೃತಿ, ಎಷ್ಟು ಗಂಟೆಗೆ. ಹೆಸರು ನೋಡಿ ಟಿಕೆಟ್ಟು ಕೊಳ್ಳುವ ಊರದು. ಅಲ್ಲಿ ಆರೇಳು ಹೆಸರಾದರೆ ನಮ್ಮಲ್ಲಿ ಅದರ ನಾಲ್ಕೈದು ಪಟ್ಟು, ಕೆಲಸ ಒಂದೇ. ಮಾತು ಬಿಸಿಯಾಯಿತು, ಆದರೆ ಮನಸ್ಸು ಕೆಡಲಿಲ್ಲ. ನನ್ನ ಪೋಸ್ಟರನ್ನು ನೋಡುವವನು ಯಾರು, ಎಲ್ಲಿ ನಿಂತು, ಯಾಕಾಗಿ ನೋಡುತ್ತಾನೆ ಎಂಬುದನ್ನು ಹೇಳದೆ ನಾನು ಬೋರ್ಡಿಗೆ ಪಿನ್ ಮಾಡಿಬಿಟ್ಟರೆ ಅವರು ತಮ್ಮ ಕಣ್ಣಿನಿಂದಲೇ ನೋಡಬೇಕಲ್ಲವೇ. ಆ ದಿನದಿಂದ ನಮ್ಮ ತರಗತಿಯಲ್ಲಿ ಕೆಲಸದ ಕೆಳಗೆ ಒಂದು ಚೀಟಿ ಹಚ್ಚುವ ರೂಢಿ ಬಂತು: ಯಾರಿಗೆ, ಎಲ್ಲಿ.

ಅಕ್ಷರಗಳನ್ನು ದೂರ ಇಡುವ ಸಲಹೆಯನ್ನು ಬೆಂಗಳೂರಿನವನೂ ನಾನೂ ಕಂಪ್ಯೂಟರಿನ ಮುಂದೆ ಕೂತು ಪರೀಕ್ಷಿಸಿದೆವು. ನುಡಿಯ ಅಂದಿನ ಫಾಂಟುಗಳಲ್ಲಿ ಕನ್ನಡದ ಅಕ್ಷರ ತುಂಡು ತುಂಡಾಗಿ ಕೂತಿರುತ್ತಿತ್ತು: ‘ಕೆ’ ಒಂದು ತುಂಡು, ಷ ಒತ್ತು ಒಂದು, ದೀರ್ಘ ಇನ್ನೊಂದು. ಅಂತರ ಹೆಚ್ಚಿಸಿದ ಕೂಡಲೇ ದೀರ್ಘ ತನ್ನ ಅಕ್ಷರ ಬಿಟ್ಟು ‘ತ’ದ ಕಡೆಗೆ ಸರಿಯಿತು, ಒತ್ತು ಯಾರದೆಂದು ತಿಳಿಯದೆ ನಡುವೆ ತೂಗಾಡಿತು. ಇಂಗ್ಲಿಷಿನ ದೊಡ್ಡಕ್ಷರಗಳು ಒಂಟಿ ನಿಲ್ಲುತ್ತವೆ, ಅವುಗಳ ನಡುವೆ ಎಷ್ಟು ಗಾಳಿ ಬಿಟ್ಟರೂ ತಡೆದುಕೊಳ್ಳುತ್ತವೆ. ನಮ್ಮದು ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ, ಮೇಲೆ ಗುಡಿಸು, ಹೀಗೆ ಸಂಸಾರವಂದಿಗ ಲಿಪಿ. ಬೆಂಗಳೂರಿನವನು ಪರದೆ ನೋಡಿ, “ಹಾಗಾದ್ರೆ ಅಕ್ಷರಾನೇ ಅಗಲ ಮಾಡಿ ಬರಿ, ನಡುವಿನ ಜಾಗ ಮುಟ್ಟಬೇಡ” ಎಂದ. ಅಗಲವಾಗಿಯೇ ಬರೆದೆ. ಒತ್ತುಗಳಿಗೆ ಕೆಳಗೆ ಧಾರಾಳ ಜಾಗ ಬಿಟ್ಟೆ. ಉಡುಪಿಯವನಿಗೆ ಬೇಸರ ತಂದಿದ್ದ ಚಕ್ರವನ್ನೂ ತೆಗೆದೆ. ಅದು ಹೋದ ಮೇಲೆ ಒತ್ತುಗಳು ಅಡ್ಡಿಯಿಲ್ಲದೆ ಕಾಲು ಚಾಚಿದವು.

ಬಣ್ಣ ತಗ್ಗಿಸುವ ಮಾತನ್ನು ನಾನು ತೆಗೆದುಕೊಳ್ಳಲಿಲ್ಲ. ಸುಣ್ಣ ಬಳಿದ ಗೋಡೆ, ಫೆಬ್ರವರಿ ಬಿಸಿಲು, ರಸ್ತೆಯ ಕೆಂಧೂಳು. ಅಲ್ಲಿ ಬೂದು ಬಣ್ಣ ಎರಡೇ ದಿನಕ್ಕೆ ಗೋಡೆಯಾಗಿಬಿಡುತ್ತದೆ.

ಇಷ್ಟಾದರೂ ಗದಗಿನ ಗೆಳತಿಯ ದಮ್ಮು ಹಾಗೆಯೇ ಉಳಿದಿತ್ತು. ಹೆಸರು ಉಳಿಸಿಕೊಂಡೇ ಕಣ್ಣಿಗೆ ದಾರಿ ಕೊಡಬೇಕು, ಹೇಗೆ? ಮೇಷ್ಟರ ಹತ್ತಿರ ಹೋದೆ. ಅವರು ನನ್ನ ರಫ್‌ಗಳನ್ನು ಪಕ್ಕಕ್ಕಿಟ್ಟು, ಊರಿಗೆ ಹೋಗುವಾಗ ಶ್ರೀರಂಗಪಟ್ಟಣದಲ್ಲಿ ಇಳಿದು ದರಿಯಾ ದೌಲತ್ ನೋಡಿಕೊಂಡು ಹೋಗು ಎಂದರು. ನಮ್ಮೂರಿಗೆ ಹೋಗುವ ದಾರಿಯೇ ಅದು: ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ. ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದರೂ ಆ ಕೆಲಸಕ್ಕೆಂದೇ ನಿಂತು ನೋಡಿದ್ದು ಆ ಸಲವೇ.

1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆಯದು. ಪಡುವಣ ಗೋಡೆಯ ತುಂಬ ಚಿತ್ರ. 1780ರ ಪೊಳ್ಳಿಲೂರು ಕಾಳಗ ಅಲ್ಲಿದೆ. ಹೈದರನೂ ಟಿಪ್ಪುವೂ ಸೇರಿ ಕರ್ನಲ್ ಬೇಲಿಯ ಪಡೆಯನ್ನು ಮುರಿದ ಯುದ್ಧ. ವೆಲ್ಲೆಸ್ಲಿಯ ಕಾಲದಲ್ಲೂ ಡಾಲ್‌ಹೌಸಿಯ ಕಾಲದಲ್ಲೂ ಮತ್ತೆ ಬಣ್ಣ ಕಂಡ ಗೋಡೆ, ಆದರೂ ಹೂಡಿಕೆ ಹಳೆಯದೇ. ಒಂದು ಗೇಣು ಜಾಗವೂ ಖಾಲಿಯಿಲ್ಲ. ಕುದುರೆ ಸವಾರರು, ಬಂದೂಕಿನವರು, ಆನೆಗಳು, ಕತ್ತರಿಸಿ ಬಿದ್ದ ತಲೆಗಳು, ಸಿಡಿಯುತ್ತಿರುವ ಮದ್ದಿನ ಬಂಡಿ. ನನ್ನ ಪೋಸ್ಟರಿನಲ್ಲಿದ್ದ ಹೆಸರುಗಳು ಅದರ ಒಂದು ಮೂಲೆಗೂ ಸಾಲವು. ಹಾಗಿದ್ದೂ ದಮ್ಮು ಹತ್ತುವುದಿಲ್ಲ. ಯಾಕೆಂದು ನೋಡುತ್ತಾ ನಿಂತೆ. ಇಂಗ್ಲಿಷರ ಪಡೆ ಚೌಕವಾಗಿ ಒತ್ತೊತ್ತಾಗಿ ನಿಂತಿದೆ, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ ಬೆರಳು ಕಚ್ಚುತ್ತಾ ಕೂತಿದ್ದಾನೆ. ಮೈಸೂರಿನ ಕುದುರೆಗಳು ಸಾಲು ಸಾಲಾಗಿ ಆ ಚೌಕದತ್ತ ನುಗ್ಗುತ್ತಿವೆ. ಒಂದು ಪಕ್ಷ ಇತ್ತ ಮುಖ ಮಾಡಿದೆ, ಇನ್ನೊಂದು ಅತ್ತ. ಯಾರು ಯಾರ ಕಡೆ ಎಂಬುದು ಗೊತ್ತಾದ ಮೇಲೆ ಕಣ್ಣು ಪ್ರತಿಯೊಬ್ಬ ಸೈನಿಕನನ್ನು ಬೇರೆ ಬೇರೆಯಾಗಿ ಎಣಿಸುವ ಕಷ್ಟಕ್ಕೆ ಹೋಗುವುದಿಲ್ಲ. ದಂಡನ್ನು ದಂಡಾಗಿ ನೋಡುತ್ತದೆ, ಬೇಕೆನಿಸಿದಾಗ ಒಬ್ಬನ ಹತ್ತಿರ ಹೋಗುತ್ತದೆ.

ಮತ್ತೆ ಬಸ್ಸು ಹತ್ತಿ ಪಾಂಡವಪುರದ ಹತ್ತಿರ ಬರುವಾಗ ಕುಂತಿ ಬೆಟ್ಟ ಕಾಣಿಸಿತು. ಪಾಂಡವರು ತಾಯಿಯೊಂದಿಗೆ ಅಲ್ಲಿದ್ದರು ಎಂದು ನಮ್ಮ ಕಡೆ ಎಲ್ಲರೂ ನಂಬುವ ಬೆಟ್ಟ. ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಅಲ್ಲೇ ಗೀಚಿದೆ. ಎಡಗಡೆ ಪಾಂಡವರ ಪಾರ್ಟುಗಳು, ಬಲಗಡೆ ಕೌರವರವು. ಎಡದ ಹೆಸರುಗಳು ಬಲಕ್ಕೆ ಒತ್ತಿ ನಿಂತಿವೆ, ಬಲದವು ಎಡಕ್ಕೆ ಒತ್ತಿ ನಿಂತಿವೆ. ನಡುವೆ ಒಂದು ಖಾಲಿ ಓಣಿ, ಆ ಓಣಿಯಲ್ಲಿ ಕೃಷ್ಣ ಒಬ್ಬನೇ. ಸಂಧಾನಕ್ಕೆ ಹೋದವನು, ಆಮೇಲೆ ಎರಡು ದಂಡಿನ ನಡುವೆ ರಥ ನಿಲ್ಲಿಸಿದವನು. ಬೆಂಗಳೂರಿನವನು ಕೇಳಿದ ಖಾಲಿ ಜಾಗ ಅಲ್ಲಿ ಸಿಕ್ಕಿತ್ತು. ಚಿತ್ರವೇ ಬೇಕಾಗಲಿಲ್ಲ. ಪಾತ್ರವರ್ಗವೇ ರಣರಂಗವಾಗಿತ್ತು.

ಊರಿನಲ್ಲಿ ತಾಲೀಮು ಶಾಲೆಯ ಜಗಲಿಯ ಮೇಲೆ ನಡೆಯುತ್ತಿತ್ತು. ಟ್ಯೂಬ್‌ಲೈಟಿನ ಕೆಳಗೆ ಚಾಪೆ, ಹಾರ್ಮೋನಿಯಂ, ಸುತ್ತ ಹೊದ್ದು ಕೂತ ಜನ. ಸೀಸಪದ್ಯ ನಿಲ್ಲಿಸಿ ಎಲ್ಲರೂ ನನ್ನ ಹಾಳೆಯ ಸುತ್ತ ಸೇರಿದರು. ಕಾಲೇಜಿನ ಗೆಳೆಯರಿಗೆ ಕೊಟ್ಟಷ್ಟೇ ಮರ್ಯಾದೆಯಿಂದ ಇವರ ಮಾತನ್ನೂ ಬರೆದುಕೊಳ್ಳಬೇಕೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. ವಿನ್ಯಾಸದ ಪರಿಭಾಷೆ ಅವರಿಗೆ ಬೇಕಾಗಿರಲಿಲ್ಲ. ನಾಟಕ ಅವರಿಗೆ ಬಾಯಿಪಾಠವಾಗಿತ್ತು.

“ಇಷ್ಟು ಹೆಸ್ರು ಬ್ಯಾಡ ಅಂತಾರೆ ಕಾಲೇಜ್ನೋರು” ಎಂದು ಬೇಕೆಂದೇ ಹೇಳಿ ನೋಡಿದೆ.

“ಹೆಸ್ರು ಎತ್ತಾಕುದ್ರೆ ಪೋಸ್ಟ್ರು ಯಾಕ್ಲಾ ಹಾಕುಸ್ಬೇಕು?” ಎಂದರು ಅಭಿಮನ್ಯುವಿನ ಪಾರ್ಟಿನವರು. ಮೇಲ್ಗಡೆ ದೇವರ ಹೆಸರಿಗೆ ಜಾಗ ಸಾಲದು ಎಂಬುದು ಮಾಸ್ಟರ ಮಾತು. ಕೌರವರ ಕಡೆಯವರು ತಮ್ಮ ಹೆಸರು ಬಲಕ್ಕೆ ಹೋಗಿದ್ದಕ್ಕೆ ಸ್ವಲ್ಪ ಮುಖ ಸಪ್ಪೆ ಮಾಡಿಕೊಂಡರು. ಓದುವವರು ಎಡದಿಂದ ಓದುತ್ತಾರಲ್ಲ. ಎರಡೂ ಕಡೆ ಅಕ್ಷರದ ಗಾತ್ರ ಒಂದೇ, ಸಾಲಿನ ಎತ್ತರ ಒಂದೇ ಎಂದು ಸ್ಕೇಲು ಹಿಡಿದು ತೋರಿಸಿದ ಮೇಲೆ ಸಮಾಧಾನವಾಯಿತು. ನಮ್ಮ ಚಿಕ್ಕಪ್ಪ ಮಾತ್ರ ಹಾಳೆಯನ್ನೇ ನೋಡುತ್ತಾ ಕೂತಿದ್ದರು. ನಾನು ಅಣ್ಣನಿಗೆ ಅಣ್ಣ ಎಂದುಕೊಂಡು ಧರ್ಮರಾಯನ ಎದುರಿಗೆ ದುರ್ಯೋಧನನನ್ನು ನಿಲ್ಲಿಸಿದ್ದೆ.

“ಧರ್ಮರಾಯುನ್ಗೂ ನಂಗೂ ಎಲ್ಲಿದ್ದದ್ಲಾ ಕಾಳಗ? ನನ್ ತೊಡೆ ಮುರಿಯೋನು ಭೀಮ. ಭೀಮನ್ ಎದ್ರಿಗೆ ಇಡು ನನ್ನ. ಅರ್ಜುನನ್ ಎದ್ರಿಗೆ ಕರ್ಣ. ಅಭಿಮನ್ಯು ಎದ್ರಿಗೆ ಸೈಂಧವ. ನಾಟಕ ನೋಡ್ದೋನು ಪೋಸ್ಟ್ರು ನೋಡುದ್ರೆ ಸೀನು ಕಣ್ಮುಂದೆ ಬರ್ಬೇಕು.”

ನಾನು ಪೆನ್ಸಿಲು ಅವರ ಕೈಗೇ ಕೊಟ್ಟೆ. ರಾಗಿ ಬೆಳೆಯುವ, ಹೈನು ನೋಡಿಕೊಳ್ಳುವ ಆ ಮನುಷ್ಯ ಹಾಳೆಯ ಅಂಚಿನಲ್ಲಿ ಬಾಣದ ಗುರುತು ಹಾಕುತ್ತಾ ಇಡೀ ಪಟ್ಟಿಯನ್ನು ಜೋಡಿ ಜೋಡಿಯಾಗಿ ಮರುಹೂಡಿದರು. ಶಕುನಿಯ ಎದುರಿಗೆ ಸಹದೇವ ಬಂದ. ಭೀಷ್ಮ, ದ್ರೋಣ, ವಿದುರರನ್ನು ಕೆಳಗೆ, ಹಿರಿಯರೆಂದು ಒಟ್ಟಿಗೆ. ಐದು ವರ್ಷದ ಓದಿನಲ್ಲಿ ನನ್ನ ಕೆಲಸದ ಮೇಲೆ ಬಂದ ಮಾತುಗಳಲ್ಲಿ ಅಷ್ಟು ನಿಖರವಾದದ್ದು, ಅಷ್ಟು ತಕ್ಷಣ ಕೈಗೆ ಒದಗಿದ್ದು ಮತ್ತೊಂದಿಲ್ಲ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಅದನ್ನು ತೆಗೆದುಕೊಂಡು ಮತ್ತೆ ತರಗತಿಯ ಬೋರ್ಡಿಗೆ ಪಿನ್ ಮಾಡಿದಾಗ ಗದಗಿನ ಗೆಳತಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತೀರಾ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. ಪದ್ಧತಿಯಂತೆ ನಾನು ಸ್ತ್ರೀ ಪಾತ್ರಧಾರಿಗಳನ್ನೆಲ್ಲ ಒಂದು ಅಡ್ಡ ಪಟ್ಟಿಯಲ್ಲಿ ಇಟ್ಟಿದ್ದೆ. “ದ್ರೌಪದಿ ಇಲ್ಯಾಕ ಬಂದ್ಲು? ಅಕಿ ಪಾಂಡವರ ಕಡಿ ಅಲ್ಲೇನು? ಗಾಂಧಾರಿ, ಭಾನುಮತಿ ಕೌರವರ ಕಡಿ. ಯುದ್ಧಕ್ಕ ಕಾರಣ ಆದಕೀನ ಯುದ್ಧದ ಹೊರಗ ಕುಂದ್ರಿಸೀದಿ.” ಅವರವರ ಪಕ್ಷಕ್ಕೆ ಅವರವರನ್ನು ಸೇರಿಸುತ್ತಾ ಹೋದೆವು. ಕುಂತಿ ಬಂದಾಗ ಇಬ್ಬರ ಕೈಯೂ ನಿಂತಿತು. ಒಂದು ಕಡೆ ಐವರು ಪಾಂಡವರು, ಇನ್ನೊಂದು ಕಡೆ ಕರ್ಣ. ಅವಳನ್ನು ಯಾವ ಕಂಬಕ್ಕೆ ಹಾಕುವುದು? “ನಡಕ ಇಡು” ಎಂದಳು ಗೆಳತಿ. ಖಾಲಿ ಓಣಿಯಲ್ಲಿ ಕೃಷ್ಣನ ಕೆಳಗೆ, ಸಾಕಷ್ಟು ದೂರ ಬಿಟ್ಟು, ಕುಂತಿ ಬಂದಳು. ಆ ಪೋಸ್ಟರಿನಲ್ಲಿ ಜನ ಹೆಚ್ಚು ಹೊತ್ತು ನಿಂತು ನೋಡುವ ಜಾಗ ಅದೇ ಆಯಿತು. ಅದು ಗೆಳತಿಯ ಕೊಡುಗೆ, ನನ್ನದಲ್ಲ. ಮೊದಲ ದಿನ ‘ತಗದ ಒಗಿ’ ಎಂದವಳೇ ಕೊನೆಗೆ ಒಂದೊಂದು ಹೆಸರಿಗೂ ಅದರ ಜಾಗ ಹುಡುಕಿಕೊಟ್ಟಳು.

ಮಂಡ್ಯದ ಒಂದು ಪ್ರೆಸ್ಸಿನಲ್ಲಿ ಎರಡು ಬಣ್ಣದಲ್ಲಿ ಅಚ್ಚಾಯಿತು. ಅಲ್ಲಿನ ಹಿರಿಯರು ಮೊಳೆ ಜೋಡಿಸುವ ಕಾಲದಿಂದ ಬಂದವರು. ಪ್ರೂಫ್ ತೆಗೆದು, ಕನ್ನಡಕ ಹಣೆಗೇರಿಸಿ, ಹೆಸರಿನ ಸಾಲುಗಳ ನಡುವೆ ಇನ್ನೊಂದು ಲೆಡ್‌ನಷ್ಟು ಜಾಗ ಕೊಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಕಬಾರದು ಎಂದರು. ಚಾಮರಾಜನಗರದವನು ಕಾರಿಡಾರಿನಿಂದ ಕಂಡದ್ದನ್ನು ಇವರು ಮೂಗಿನ ಹತ್ತಿರ ಹಿಡಿದು ಕಂಡಿದ್ದರು. ಕೊಟ್ಟೆ. ಪೋಸ್ಟರು ಹ್ಯಾಂಡ್‌ಪೋಸ್ಟಿನ ಗೋಡೆಗೆ ಬಿದ್ದ ದಿನ ನಾನು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದೆ. ಒತ್ತುಗಳು ಅಲ್ಲಿಗೂ ಕಾಣುತ್ತಿದ್ದವು. ದ್ರೌಪದಿಯ ಪಾತ್ರಕ್ಕೆ ಮಂಡ್ಯದಿಂದ ಬಂದ ಕಲಾವಿದೆ ಬಣ್ಣ ಹಚ್ಚಿಕೊಳ್ಳುವ ಮೊದಲು ಪೋಸ್ಟರು ನೋಡಿ, ತನಗೆ ನಾಲ್ಕು ಪ್ರತಿ ಬೇಕು ಎಂದು ಕೇಳಿ ಪಡೆದುಕೊಂಡರು.

ಆಮೇಲೆ ನಾನು ಈ ಕೆಲಸವನ್ನೇ ನೆಚ್ಚಿಕೊಂಡೆ. ಮುಖಪುಟಗಳು, ಬೆಲ್ಲದ ಪೊಟ್ಟಣ, ಎಣ್ಣೆಯ ಡಬ್ಬಿ, ಯಾವುದೇ ಆಗಲಿ, ಮೊದಲ ರೂಪವನ್ನು ನಾಲ್ಕು ಜನರ ಮುಂದೆ ಇಟ್ಟು ಸುಮ್ಮನೆ ಕೂರುತ್ತೇನೆ. ಕಾಲೇಜುಗಳಿಗೆ ಜ್ಯೂರಿಗೆ ಕರೆದಾಗ ಈಗಿನ ಹುಡುಗ ಹುಡುಗಿಯರನ್ನು ನೋಡುತ್ತೇನೆ. ಅವರಿಗೆ ಯುನಿಕೋಡ್ ಇದೆ. ದೀರ್ಘ ಅಕ್ಷರ ಬಿಟ್ಟು ಓಡುವ ಕಾಟ ಕಡಿಮೆಯಾಗಿದೆ. ಬಾಲೂ ತಮ್ಮ, ಅಕಾಯ ಕನಡಕದಂಥ ಹೊಸ ಕನ್ನಡ ಫಾಂಟುಗಳು ಉಚಿತವಾಗಿ ಸಿಗುತ್ತಿವೆ. ಆದರೆ ಮಾತು ಕೇಳುತ್ತಿದ್ದ ಹಾಗೆಯೇ ಸಮರ್ಥನೆಗೆ ಇಳಿಯುವ ಅವಸರ ಮೊದಲಿಗಿಂತ ಹೆಚ್ಚಾಗಿದೆ. ಅಥವಾ ಅದರ ಉಲ್ಟಾ, ಯಾರು ಏನೇ ಹೇಳಿದರೂ ಎಲ್ಲವನ್ನೂ ಬದಲಿಸಿಕೊಂಡು ಬಂದು, ಕೊನೆಗೆ ಕೆಲಸದಲ್ಲಿ ತಾವೇ ಇಲ್ಲದಂತೆ ಮಾಡಿಕೊಳ್ಳುವುದು. ಎರಡನೆಯದು ನನಗೆ ಹೆಚ್ಚು ಸಂಕಟ ತರುತ್ತದೆ. ಹಾಗೆ ತಂದವರ ಹತ್ತಿರ ಅವರ ಮೊದಲ ಹಾಳೆಯನ್ನು ಕೇಳಿ ಪಡೆದು ಅದನ್ನೂ ಬೋರ್ಡಿಗೆ ಹಚ್ಚಿಸುತ್ತೇನೆ. ಯಾವ ಬದಲಾವಣೆ ಯಾರ ಯಾವ ಮಾತಿಗೆ, ಅದನ್ನು ಒಪ್ಪಿದ್ದು ಯಾಕೆ ಎಂದು ಒಂದೊಂದಾಗಿ ಕೇಳುತ್ತೇನೆ. ಕಾರಣ ಹೇಳಲಾಗದ ಬದಲಾವಣೆ ವಾಪಸು ಹೋಗಬೇಕು.

ಊರಿನ ಪೋಸ್ಟರು ಈಗ ಬಹುಪಾಲು ಫ್ಲೆಕ್ಸ್‌ಗೆ ಹೋಗಿದೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದ ಮೇಲೂ ಹ್ಯಾಂಡ್‌ಪೋಸ್ಟಿನಲ್ಲಿ ಅವು ತೂಗುತ್ತಲೇ ಇವೆ. ಫ್ಲೆಕ್ಸಿನಲ್ಲಿ ಜಾಗಕ್ಕೆ ಬರವಿಲ್ಲ, ಹಾಗಾಗಿ ಎಲ್ಲರಿಗೂ ಫೋಟೋ ಬೇಕು. ನಮ್ಮ ಪೋಸ್ಟರಿಗೂ ಆ ವರ್ಷ ಊರವರು ಫೋಟೋ ಕೇಳಿದ್ದರು. ನಾನು ಕೆಳಗಿನ ಅಂಚಿನಲ್ಲಿ ಒಂದೇ ಬಣ್ಣದ ಸಣ್ಣ ಮುಖಗಳ ಸಾಲು ಕೊಟ್ಟಿದ್ದೆ. ಗದಗಿನ ಗೆಳತಿಗೆ ಅದು ಆಗಲೂ ಒಪ್ಪಿಗೆಯಾಗಿರಲಿಲ್ಲ, ಈಗಲೂ ಇಲ್ಲ. ಮುಖಗಳು ಬಂದ ಮೇಲೆ ಎದುರುಬದುರು ನಿಂತ ದಂಡು ಚದುರಿತು, ಹೂಡಿಕೆ ಸಡಿಲವಾಯಿತು ಎಂಬುದು ಅವಳ ವಾದ. ತೊಡೆ ಮುರಿಸಿಕೊಳ್ಳುವ ದುರ್ಯೋಧನ ನಮ್ಮ ಪಕ್ಕದ ಮನೆಯವನೇ ಎಂದು ಜನಕ್ಕೆ ಗುರುತು ಸಿಗಬೇಕು, ಹೆಸರಿನಷ್ಟೇ ಮುಖವೂ ಅವನ ಹಕ್ಕು ಎಂಬುದು ನನ್ನ ವಾದ. ಫೋನಿನಲ್ಲಿ ಇದು ಇನ್ನೂ ನಡೆಯುತ್ತದೆ. ಬರುವ ಸುಗ್ಗಿಗೆ ಮಂಡಳಿಯವರು ಮತ್ತೆ ಕುರುಕ್ಷೇತ್ರ ಹಿಡಿದಿದ್ದಾರೆ. ಚಿಕ್ಕಪ್ಪನಿಗೆ ಈ ಸಲ ಭೀಷ್ಮನ ಪಾರ್ಟು. ಫೋಟೋ ಇಲ್ಲದ ಒಂದು ರೂಪ ಅವಳು ಕಳಿಸುತ್ತಾಳೆ, ಫೋಟೋ ಇರುವುದನ್ನು ನಾನು ಮಾಡುತ್ತೇನೆ. ಎರಡನ್ನೂ ಶಾಲೆಯ ಜಗಲಿಯ ಮೇಲೆ ಹರಡುವುದೆಂದು ಮಾತಾಗಿದೆ.